ಮುನ್ನೂರೆಂಬತ್ತು ಕಡ್ಡಿ

ಒಂದು ಧ್ವನಿನಾಟಕ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ದೇವರಾಜು ಕಡ್ಡಿಯ ಲೆಕ್ಕದಲ್ಲಿ ಹೇಳುತ್ತಿದ್ದ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅರಕಲಗೂಡಿನಿಂದ ಏಳು ಕಿಲೋಮೀಟರ್ ಆಚೆ ಅವನಿಗೆ ಮೂರು ಎಕರೆ ಹೊಗೆಸೊಪ್ಪು, ಅದನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸಲು ಬ್ಯಾರನ್ನು ಎಂಬ ಒಂದು ಎತ್ತರದ ಮನೆ, ಬ್ಯಾರನ್ನಿನ ಮಗ್ಗುಲಲ್ಲಿ ಒಂದು ತಗಡಿನ ಶೆಡ್ಡು. ಬೆಳಿಗ್ಗೆ ಮುರಿದು ತಂದ ಹಸಿ ಸೊಪ್ಪನ್ನು ಆ ಶೆಡ್ಡಿನಲ್ಲಿ ಹನ್ನೊಂದು ಜನ ಹೆಂಗಸರು ಕೂತು ಉದ್ದನೆಯ ಬಿದಿರು ಕಡ್ಡಿಗಳಿಗೆ ದಾರ ಸುತ್ತಿ ಕಟ್ಟುತ್ತಾರೆ. ಆರುನೂರು ಕಡ್ಡಿಯಾದರೆ ಬ್ಯಾರನ್ನು ತುಂಬುತ್ತದೆ, ಸಂಜೆ ಬೆಂಕಿ ಹಾಕಬಹುದು. ಕಮ್ಮಿಯಾದರೆ ಉಳಿದ ಸೊಪ್ಪು ರಾಶಿಯಲ್ಲೇ ಬೆಚ್ಚಗಾಗಿ ಕಪ್ಪಿಡುತ್ತದೆ.

ಕಟ್ಟುವವರಿಗೆ ಬೇಸರವಾಗದಿರಲಿ ಎಂದು ಕಂಬಕ್ಕೊಂದು ಸ್ಪೀಕರು ನೇತುಹಾಕಿ ದಿನಕ್ಕೊಂದು ವೈಜ್ಞಾನಿಕ ನಾಟಕವನ್ನು ಸಂಜೆಯವರೆಗೆ ಮತ್ತೆ ಮತ್ತೆ ಹಾಕುವುದು ಅವನ ನಾಲ್ಕು ವರ್ಷದ ರೂಢಿ. ಅದಕ್ಕೂ ಮುಂಚೆ ಎಲ್ಲ ಪರೀಕ್ಷೆಯೂ ಆಗಿತ್ತು. ಸಿನಿಮಾ ಹಾಡು ಹಾಕಿದರೆ ಹೆಂಗಸರು ತಾವೂ ಹಾಡುತ್ತಿದ್ದರು. ಧಾರಾವಾಹಿ ಹಾಕಿದರೆ ಅರ್ಧ ಜನ ಅತ್ತೆಯ ಕಡೆ, ಅರ್ಧ ಜನ ಸೊಸೆಯ ಕಡೆ ಸೇರಿಕೊಂಡು ಜಗಳ ಶುರುವಾಗುತ್ತಿತ್ತು. ಮಂಗಳ ಗ್ರಹದ ವಿಷಯದಲ್ಲಿ ಯಾರಿಗೂ ಯಾವ ಕಡೆಯೂ ಇರಲಿಲ್ಲ. ಕಿವಿ ಅಲ್ಲಿ, ಕೈ ಇಲ್ಲಿ, ಕೆಲಸ ಸರಾಗ. ಹೀಗೆ ದೇವರಾಜು ಮೊದಲು ಕೂಲಿಯವರಿಗಾಗಿ, ಆಮೇಲೆ ತನಗಾಗಿ ಆ ನಾಟಕಗಳ ಹುಚ್ಚು ಹತ್ತಿಸಿಕೊಂಡ.

ಅಂಥದೇ ಹುಚ್ಚಿನವರು ಜಿಲ್ಲೆಯಲ್ಲಿ ಇನ್ನೂ ಅರವತ್ತೆರಡು ಮಂದಿ ಇದ್ದರು. ಎಲ್ಲರೂ ಸೇರಿ ಒಂದು ವಾಟ್ಸಾಪ್ ಗುಂಪು. ಅದರ ಯಜಮಾನರು ಹೊಳೆನರಸೀಪುರದ ವೆಂಕಟರಾಮಯ್ಯನವರು, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಅವರು ನೂರಕ್ಕೆ ಅಂಕ ಕೊಡುತ್ತಿದ್ದರು. ಬಾಹ್ಯಾಕಾಶದಲ್ಲಿ ಸದ್ದು ಹರಿಯುವುದಿಲ್ಲವಾದ್ದರಿಂದ, ಅಲ್ಲಿ ಏನಾದರೂ ಸಿಡಿದ ಸದ್ದು ಕೇಳಿಸಿದರೆ ಒಂದೊಂದಕ್ಕೆ ಐದು ಅಂಕ ಕಳೆಯುತ್ತಿದ್ದರು. ‘ಯಂತ್ರರಾಜನ ದಂಡಯಾತ್ರೆ’ ಎಂಬ ನಾಟಕಕ್ಕೆ ಸೊನ್ನೆಗಿಂತ ಮೂವತ್ತೈದು ಕಮ್ಮಿ ಬಂದಿತ್ತು. ಚನ್ನರಾಯಪಟ್ಟಣದ ಆರತಿ ಮೇಡಂ ದಿನಾ ಬಸ್ಸಿನಲ್ಲಿ ಶಾಂತಿಗ್ರಾಮದ ಸ್ಕೂಲಿಗೆ ಹೋಗುವವರು. ನಾಟಕ ಕೇಳುತ್ತ ಕೇಳುತ್ತ ಇಳಿಯುವ ಜಾಗ ಎಷ್ಟು ದೂರ ದಾಟಿತು ಎಂಬುದು ಅವರ ಅಳತೆ. ಯಂತ್ರರಾಜನ ದೆಸೆಯಿಂದ ಅವರು ಹಾಸನದ ಬಸ್ ಸ್ಟ್ಯಾಂಡನ್ನೇ ನೋಡಿಕೊಂಡು ಬಂದಿದ್ದರು. ದೇವರಾಜುವಿನ ಶೆಡ್ಡಿನಲ್ಲಿ ಅದೇ ನಾಟಕಕ್ಕೆ ಆರುನೂರ ಐವತ್ತೈದು ಕಡ್ಡಿ.

ಗುಂಪಿನಲ್ಲಿ ಜನ ನಂಬುತ್ತಿದ್ದದ್ದು ಕಡ್ಡಿಯನ್ನೇ. ವೆಂಕಟರಾಮಯ್ಯನವರು ತೊಂಬತ್ತು ಕೊಟ್ಟ ನಾಟಕ ಕೇಳಿದರೆ ಪಾಠ ಕೇಳಿದ ಹಾಗಿರುತ್ತದೆ ಎಂಬುದು ಎಲ್ಲರಿಗೂ ಅನುಭವವಾಗಿತ್ತು. ಕಡ್ಡಿಯೋ, ಎಣಿಸಿ ಇಟ್ಟ ಸಾಕ್ಷಿ. ಹೊಸ ನಾಟಕ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುವರು: ‘ದೇವರಾಜಣ್ಣ, ಎಷ್ಟು ಕಡ್ಡಿ?’ ಆ ಪ್ರಶ್ನೆ ಬಂದ ದಿನ ದೇವರಾಜು ಊಟಕ್ಕೆ ಕೂತಾಗ ಬೆನ್ನು ಸ್ವಲ್ಪ ನೆಟ್ಟಗಿರುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ‘ನಾಲ್ಕು ಗಂಟೆ ತಡ’ ಬಂತು. ಬರೆದವಳು ಹಾಸನದ ಶಿವರಂಜನಿ, ಅವಳ ಮೊದಲ ನಾಟಕ. ಕತೆ ಇಷ್ಟೇ. ನೆಪ್ಚೂನ್ ಗ್ರಹದ ಹತ್ತಿರ ಒಂದು ಪುಟ್ಟ ಠಾಣೆ. ಅಲ್ಲಿ ಒಬ್ಬಳೇ ಹುಡುಗಿ ಯಂತ್ರ ನೋಡಿಕೊಂಡಿದ್ದಾಳೆ. ಅಮ್ಮ ಭೂಮಿಯ ಮೇಲೆ. ಅಮ್ಮನ ಮಾತು ಮಗಳನ್ನು ಮುಟ್ಟಲು ನಾಲ್ಕು ಗಂಟೆ, ಮಗಳ ಮಾತು ವಾಪಸು ಬರಲು ಇನ್ನು ನಾಲ್ಕು. ಅಮ್ಮ ಏನಾದರೂ ಕೇಳಿದಾಗಲೆಲ್ಲ ನಾಟಕದಲ್ಲಿ ಒಂದು ನಿಮಿಷ ಏನೂ ಇರುವುದಿಲ್ಲ, ಆಮೇಲೆ ಉತ್ತರ. ಮೊದಲ ಭಾಗದ ಕೊನೆಯಲ್ಲಿ ಅಮ್ಮ ‘ಊಟ ಆಯ್ತೇನವ್ವ?’ ಎಂದು ಕೇಳುತ್ತಾಳೆ. ಉತ್ತರ ಬರುವ ಮುಂಚೆ ಭಾಗ ಮುಗಿದುಹೋಗುತ್ತದೆ. ವೆಂಕಟರಾಮಯ್ಯನವರು ಕಾಗದ ಪೆನ್ನು ಹಿಡಿದು ದೂರ, ವೇಗ ಎಲ್ಲ ಲೆಕ್ಕ ಹಾಕಿ ತೊಂಬತ್ತೆಂಟು ಅಂಕ ಕೊಟ್ಟರು. ಎರಡು ಕಳೆದದ್ದು ಅಭ್ಯಾಸಬಲದಿಂದ.

ದೇವರಾಜು ಶೆಡ್ಡಿನಲ್ಲಿ ಅದನ್ನು ಹಾಕಿದ ದಿನ ಬ್ಯಾರನ್ನಿನೊಳಗಿನ ಕಾವು ಹರಿಯುವ ತಗಡಿನ ಕೊಳವೆ ತೂತುಬಿದ್ದಿತ್ತು. ನಾಟಕ ಶುರುಮಾಡಿಕೊಟ್ಟು ಅವನು ಕೊಳವೆಯ ರಿಪೇರಿಗೆ ಅರಕಲಗೂಡಿಗೆ ಹೋದ. ಸಂಜೆ ಬಂದು ಎಣಿಸಿದರೆ ಮುನ್ನೂರೆಂಬತ್ತು ಕಡ್ಡಿ. ಬ್ಯಾರನ್ನು ತುಂಬಲಿಲ್ಲ, ಬೆಂಕಿ ಬೀಳಲಿಲ್ಲ, ಮಾರನೆಯ ಬೆಳಿಗ್ಗೆ ರಾಶಿಗೆ ಕೈಯಿಟ್ಟರೆ ಬಿಸಿ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಅದೇ ಸಿಟ್ಟಿನಲ್ಲಿ ಗುಂಪಿಗೆ ಹಾಕಿದ: ‘ನಾಲ್ಕು ಗಂಟೆ ತಡ. 380.’ ನಾಟಕವನ್ನು ತಾನು ಕೇಳಿಯೇ ಇಲ್ಲ ಎಂಬುದನ್ನು ಹಾಕಲಿಲ್ಲ.

ಗೌರಿ ಹಬ್ಬದ ವಾರ ನಾಟಕ ಮಾರುವ ಬೆಂಗಳೂರಿನ ಕಂಪನಿ ಮೂರು ದಿನದ ರಿಯಾಯಿತಿ ಘೋಷಿಸಿತು. ಎಲ್ಲ ನಾಟಕಗಳೂ ಅರ್ಧ ಬೆಲೆಗೆ, ಶುಕ್ರವಾರದಿಂದ ಭಾನುವಾರ ಸಂಜೆ ಆರರವರೆಗೆ. ಅದರ ಜೊತೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ರಿಯಾಯಿತಿ ಮುಗಿಯುವ ಹೊತ್ತಿಗೆ ಮುನ್ನೂರು ಪ್ರತಿ ಹೋಗದ ಹೊಸ ನಾಟಕಗಳಿಗೆ ಎರಡನೇ ಭಾಗ ಇರುವುದಿಲ್ಲ. ಗುಂಪಿನಲ್ಲಿ ಹಬ್ಬಕ್ಕಿಂತ ಜೋರು ಗದ್ದಲ. ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು ಎಂದು ಎಲ್ಲರೂ ಎಲ್ಲರಿಗೂ ಹೇಳಿದರು, ಕೊನೆಗೆ ಎಲ್ಲರೂ ದೇವರಾಜುವಿನ ಪಟ್ಟಿ ಕೇಳಿದರು. ಅವನು ಹದಿನಾಲ್ಕು ನಾಟಕಗಳ ಪಟ್ಟಿ ಹಾಕಿದ. ‘ನಾಲ್ಕು ಗಂಟೆ ತಡ’ ಹದಿನಾಲ್ಕನೆಯದು. ಆರತಿ ಮೇಡಂ ಧನ್ಯವಾದ ಹೇಳಿ ಮೇಲಿನ ಐದನ್ನು ಕೊಂಡರು.

ಶನಿವಾರ ಮಧ್ಯಾಹ್ನ ದೇವರಾಜುವಿಗೆ ಪ್ರತ್ಯೇಕವಾಗಿ ಒಂದು ಸಂದೇಶ ಬಂತು. ಶಿವರಂಜನಿಯದು. ಅವಳು ಆ ಗುಂಪಿನಲ್ಲೇ ಬಾಯಿಬಿಡದೆ ಇದ್ದಳು ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ‘ಸರ್, ನಮಸ್ಕಾರ. ನಿಮ್ಮ ಲೆಕ್ಕದಲ್ಲಿ ನನ್ನ ನಾಟಕಕ್ಕೆ ಮುನ್ನೂರೆಂಬತ್ತು ಬಂದಿದೆ. ಕೇಳಿದವರಿಗೆ ಎಲ್ಲಿ ಬೇಸರ ಆಯ್ತು ಅಂತ ವಿಚಾರಿಸಿ ಹೇಳ್ತೀರಾ? ಎರಡನೇ ಭಾಗ ಆಗಲ್ಲ ಅನ್ಸುತ್ತೆ. ಆದ್ರೂ ಮುಂದೆ ಏನಾದ್ರೂ ಬರೆದ್ರೆ ತಿದ್ಕೋಬಹುದು.’

ಬೈದಿದ್ದರೆ ದೇವರಾಜುವಿಗೆ ಬೈಯಲು ಬರುತ್ತಿತ್ತು. ಇವಳು ವಿಚಾರಿಸಿ ಎಂದಿದ್ದಳು, ಎದ್ದು ಶೆಡ್ಡಿಗೆ ಹೋದ. ಹೆಂಗಸರಲ್ಲಿ ಹಿರಿಯಳು ಪುಟ್ಟತಾಯಮ್ಮ. ದಾರದ ಉಂಡೆ ಅವಳ ಕೈಯಲ್ಲಿ, ಮಿಕ್ಕವರು ಅವಳ ಮಾತಿನಲ್ಲಿ. ಆವತ್ತಿನ ನಾಟಕ ಎಲ್ಲಿ ಬೇಸರವಾಯಿತು ಎಂದು ಅವಳನ್ನು ಕೇಳಿದ.

“ಬ್ಯಾಸ್ರನಾ? ಯಾರು ಏಳಿದ್ದು ನಿಂಗೆ?” ಎಂದಳು ಪುಟ್ಟತಾಯಮ್ಮ. “ಅವ್ವ ಕೇಳ್ಬುಟ್ಟು ಕಾಯ್ತಾ ಕುಂತವ್ಳೆ, ಮಗ್ಳು ಇನ್ನೂ ಏನೂ ಅಂದಿಲ್ಲ. ಅಂತಾದ್ರಲ್ಲಿ ಕೈ ಎಂಗ್ ಆಡ್ತದೆ ಕಣಪ್ಪ?”

ಪಕ್ಕದಲ್ಲಿದ್ದ ಸುಬ್ಬಮ್ಮ, ಆ ಹುಡುಗಿ ಉಂಡಳೋ ಇಲ್ಲವೋ ಎಂಬುದು ಇವತ್ತಿಗೂ ಗೊತ್ತಾಗಲಿಲ್ಲ, ಅದರ ಮುಂದಿನದು ಯಾವಾಗ ಬರುತ್ತದೆ ಎಂದು ಕೇಳಿದಳು. ಬರುವುದಿಲ್ಲ ಎಂದ ದೇವರಾಜು. ಯಾಕೆ ಬರುವುದಿಲ್ಲ ಎಂದೂ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ತನ್ನ ಪಟ್ಟಿಯ ವಿಷಯಕ್ಕೆ ಬಂದಾಗ ದನಿ ಸಣ್ಣದಾಯಿತು. ಹನ್ನೊಂದು ಜನರೂ ಅವನನ್ನೇ ನೋಡುತ್ತಿದ್ದರು.

ಪುಟ್ಟತಾಯಮ್ಮ ಬೈಯಲಿಲ್ಲ. ಬೆರಳಿಗೆ ಮೆತ್ತಿದ ಸೊಪ್ಪಿನ ಅಂಟನ್ನು ಉಜ್ಜಿಕೊಳ್ಳುತ್ತ ಹೇಳಿದಳು. “ನಮ್ ಮಗ್ಳು ಮಾನ್ಯ ಆಸನ್ದಲ್ಲಿ ಗಾರ್ಮೆಂಟ್ಸಿಗ್ ಓಯ್ತಾಳಲ್ಲ, ಒಳಿಕ್ ಓಗುವಾಗ್ಲೇ ಪೋನು ಇಸ್ಕೊಬುಡ್ತಾರೆ. ಬೆಳಿಗ್ಗೆ ಉಂಡ್ಯಾ ಅಂತ ನಾನು ಕೇಳುದ್ರೆ ಸಂಜಿಕೆ ಊಂ ಕಣವ್ವ ಅಂತಾಳೆ. ಅಷ್ಟೊತ್ಗೆ ಅದು ಯಾವ್ ಊಟುದ್ ಊಂ ಅಂತ ನಂಗೇ ಮರ್ತೋಗಿರ್ತದೆ.”

ಅವತ್ತು ಸಂಜೆ ದೇವರಾಜು ನಾಟಕವನ್ನು ಒಬ್ಬನೇ ಕೂತು ಮೊದಲಿಂದ ಕೊನೆಯವರೆಗೆ ಕೇಳಿದ. ಕೇಳಿ ಮುಗಿಸಿದಾಗ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ತಪ್ಪು ಮಾಡಿದ್ದೇನೆ ಎಂದು ಅವನಿಗೆ ಅನ್ನಿಸಿದ್ದು ಅಪರೂಪ, ಅನ್ನಿಸಿದಾಗ ಚೆನ್ನಾಗಿಯೇ ಅನ್ನಿಸಿತು. ಕೂಡಲೇ ಗುಂಪಿಗೆ ಬರೆದ: ಕಡ್ಡಿಯ ಲೆಕ್ಕ ಈ ನಾಟಕಕ್ಕೆ ತಿರುಗಿಸಿ ಓದಬೇಕು, ಕಮ್ಮಿಯಾದಷ್ಟೂ ಒಳ್ಳೆಯದು, ದಯವಿಟ್ಟು ಎಲ್ಲರೂ ಕೊಳ್ಳಿ.

ಯಾರೂ ಒಪ್ಪಲಿಲ್ಲ. ಶಿವರಂಜನಿ ನಿಮಗೆ ನೆಂಟರೇ ಎಂದು ಒಬ್ಬರು ಕೇಳಿದರು. ಹಾಗಾದರೆ ಯಂತ್ರರಾಜನದು ಕೆಟ್ಟ ನಾಟಕವೇ, ಕೊಂಡಿದ್ದೇವಲ್ಲ ಎಂದು ಇನ್ನೊಬ್ಬರು. ತೊಂಬತ್ತೆಂಟು ಅಂಕ ಕೊಟ್ಟಿದ್ದ ವೆಂಕಟರಾಮಯ್ಯನವರಾದರೂ ಜೊತೆಗೆ ನಿಲ್ಲುತ್ತಾರೆ ಎಂದುಕೊಂಡರೆ ಅವರು ಬರೆದರು: ‘ಫಲಿತಾಂಶ ಹಿಡಿಸಲಿಲ್ಲವೆಂದು ದತ್ತಾಂಶದ ಅರ್ಥ ತಿರುಗಿಸುವುದು ಅವೈಜ್ಞಾನಿಕ. ಪುರಾವೆ ಇದ್ದರೆ ಕೊಡಿ.’ ಅವರು ನಲವತ್ತು ವರ್ಷದ ಗೆಳೆತನವನ್ನಾದರೂ ಬಿಟ್ಟಾರು, ಪುರಾವೆಯನ್ನು ಬಿಡುವವರಲ್ಲ.

ಭಾನುವಾರ ಬೆಳಿಗ್ಗೆ ಕಂಪನಿಯ ಪುಟದಲ್ಲಿ ‘ನಾಲ್ಕು ಗಂಟೆ ತಡ’ದ ಕೆಳಗೆ ಇನ್ನೂರ ಹನ್ನೆರಡು ಪ್ರತಿ ಎಂದಿತ್ತು. ಶೆಡ್ಡಿನಲ್ಲಿ ಆ ವರ್ಷದ ಅತಿ ದೊಡ್ಡ ರಾಶಿ ಬಿದ್ದಿತ್ತು, ಮೇಲ್ದರ್ಜೆಯ ಸೊಪ್ಪು. ಅದನ್ನು ಅಂದೇ ಕಟ್ಟಬೇಕು. ದೇವರಾಜು ರಾಶಿಯನ್ನು ಒಂದು ಸಲ ನೋಡಿದ, ಸ್ಪೀಕರನ್ನು ಒಂದು ಸಲ ನೋಡಿದ. ಆಮೇಲೆ ಅದೇ ನಾಟಕ ಹಾಕಿ, ಫೋನನ್ನು ಸೊಪ್ಪಿನ ರಾಶಿಯ ಪಕ್ಕದಲ್ಲಿಟ್ಟು ರೆಕಾರ್ಡಿಂಗ್ ಒತ್ತಿದ.

ಹನ್ನೆರಡರ ಹೊತ್ತಿಗೆ ಅದರಿಂದ ಎರಡು ನಿಮಿಷ ಕತ್ತರಿಸಿ ಗುಂಪಿಗೆ ಕಳಿಸಿದ. ಮೊದಲ ನಿಮಿಷದಲ್ಲಿ ಎಲೆಯ ಸರಸರ, ಕಡ್ಡಿ ಒರಗಿಸುವ ಟಕಟಕ, ಯಾರದೋ ಕೆಮ್ಮು, ಸುಬ್ಬಮ್ಮ ತನ್ನ ನಾದಿನಿಯ ವಿಷಯ ಹೇಳುವುದು, ಇವುಗಳ ನಡುವೆ ನಾಟಕ. ಆಮೇಲೆ ಅಮ್ಮನ ಪ್ರಶ್ನೆ. ಎರಡನೇ ನಿಮಿಷ ಪೂರ್ತಿ ಏನೂ ಇರಲಿಲ್ಲ.

ವೆಂಕಟರಾಮಯ್ಯನವರೇ ಮೊದಲು ಕೇಳಿದ್ದು. ಒಂದು ನಿಮಿಷದ ಮೇಲೆ ಏನೂ ಕೇಳಿಸುತ್ತಿಲ್ಲ, ರೆಕಾರ್ಡಿಂಗ್ ಕೆಟ್ಟಿದೆ ಎಂದು ಬರೆದರು.

‘ಕೆಟ್ಟಿಲ್ಲ ಸಾ,’ ಎಂದು ದೇವರಾಜು ಬರೆದ. ‘ಆ ನಿಮಿಷದಲ್ಲಿ ಹನ್ನೊಂದು ಜನ ಅವರೆ.’

ಆಮೇಲೆ ವೆಂಕಟರಾಮಯ್ಯನವರು ‘ಇದು ಪುರಾವೆ’ ಎಂದು ಬರೆದು, ತಮ್ಮದಿದ್ದರೂ ಇನ್ನೊಂದು ಪ್ರತಿ ಕೊಂಡರು, ಕಳೆದಿದ್ದ ಎರಡು ಅಂಕವನ್ನೂ ವಾಪಸು ಕೊಟ್ಟರು. ಆರತಿ ಮೇಡಂ ಕೊಂಡರು. ನೆಂಟಸ್ತನ ವಿಚಾರಿಸಿದವರೂ ಕೊಂಡರು. ನಾಲ್ಕು ಗಂಟೆಯ ಹೊತ್ತಿಗೆ ಇನ್ನೂರ ಐವತ್ಮೂರಾಗಿ ಅಲ್ಲಿಗೇ ನಿಂತಿತು. ಅಭಿಮಾನಿಗಳು ಇರುವುದೇ ಅಷ್ಟು ಜನ.

ಐದಕ್ಕೂ ಅದೇ ಇನ್ನೂರ ಐವತ್ಮೂರು. ಆಯಿತೇ ಎಂದು ಕೇಳಿದ ಪುಟ್ಟತಾಯಮ್ಮನಿಗೆ ಇನ್ನೂ ನಲವತ್ತೇಳು ಬೇಕು ಎಂದ. ಅವಳು ಬೂದಿಯಲ್ಲಿ ಕೈಯುಜ್ಜಿ, ಸೀರೆಗೆ ಒರೆಸಿಕೊಂಡು, ಮಡಿಲಿನಿಂದ ತನ್ನ ಒಡೆದ ಗಾಜಿನ ಫೋನು ತೆಗೆದಳು. ಅದರಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಗುಂಡಿ, ಆಡಿದ ಮಾತನ್ನು ಮಗಳಿಗೆ ಕಳಿಸುವುದು. ಅದನ್ನು ಒತ್ತಿ ಹಿಡಿದು ಮಾತಾಡಿದಳು.

“ಮಾನ್ಯಾ, ಉಂಡ್ಯಾ? ಇವತ್ ಬಾನ್ವಾರ, ಪೋನು ನಿನ್ ತಾವೇ ಐತೆ, ಬಿರ್ನೆ ಕೇಳು. ಒಂದ್ ನಾಟ್ಕ ತಗೋಬೇಕು ಕಣವ್ವ. ಈ ದೇವ್ರಾಜಪ್ಪ ಅದ್ರ ಎಸ್ರು ಕಳುಸ್ತನೆ. ನೀನೂ ತಗೋ, ಆಸ್ಟೆಲ್ನೋರ್ಗೂ ಏಳು. ಅವರವ್ವಂದ್ರೂ ಉಂಡ್ಯಾ ಅಂತ ಕೇಳ್ತಾನೇ ಇರ್ತಾರಲ್ಲ.”

ಐದೂ ಇಪ್ಪತ್ತಕ್ಕೆ ಇನ್ನೂರ ಅರವತ್ತು. ಐದೂವರೆಗೆ ಇನ್ನೂರ ಎಪ್ಪತ್ತೊಂಬತ್ತು. ನೆಪ್ಚೂನ್ ಎಲ್ಲಿದೆ ಎಂದು ತಿಳಿಯದ, ವೆಂಕಟರಾಮಯ್ಯನವರ ಹೆಸರು ಕೇಳದ ಹುಡುಗಿಯರು ಹಾಸನದ ಹಾಸ್ಟೆಲಿನಲ್ಲಿ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಹೋಗಿ ನಾಟಕ ಕೊಳ್ಳುತ್ತಿದ್ದರು. ಆರು ಗಂಟೆಗೆ ರಿಯಾಯಿತಿ ಮುಗಿದಾಗ ಮುನ್ನೂರ ಹದಿನೆಂಟು.

ಅವತ್ತಿನ ಕಡ್ಡಿ ಮುನ್ನೂರ ನಲವತ್ತು. ದೇವರಾಜು ಅರ್ಧ ತುಂಬಿದ ಬ್ಯಾರನ್ನಿಗೆ ಇಡೀ ಬ್ಯಾರನ್ನಿನ ಸೌದೆ ಉರಿಸಿದ. ಉಳಿದ ಸೊಪ್ಪು ಕಪ್ಪಿಟ್ಟಿತು. ಅವನಿಗೆ ದುಃಖವೇ ಆಗಲಿಲ್ಲ ಎಂದರೆ ಸುಳ್ಳಾದೀತು. ಶಿವರಂಜನಿಗೆ ಮಾತ್ರ ಮರೆಯದೆ ಉತ್ತರ ಬರೆದ: ‘ವಿಚಾರಿಸಿದೆ. ಆ ಒಂದು ನಿಮಿಷ ಕಮ್ಮಿ ಮಾಡಬೇಡಿ.’

ಎರಡನೇ ಭಾಗ ಸಂಕ್ರಾಂತಿಗೆ ಬಂತು. ಹಬ್ಬದ ಮಾರನೆಯ ದಿನ ಶೆಡ್ಡಿನಲ್ಲಿ ಒಂದು ಎಲೆಯೂ ಇರಲಿಲ್ಲ, ಖಾಲಿ ಕಡ್ಡಿಗಳನ್ನು ಗೋಡೆಗೆ ಒಟ್ಟಿದ್ದರು. ಆದರೂ ಹನ್ನೊಂದು ಜನ ಬಂದು ತಂತಮ್ಮ ಜಾಗದಲ್ಲೇ ಕೂತರು. ಹಬ್ಬಕ್ಕೆ ಬಂದಿದ್ದ ಮಾನ್ಯ ತಾಯಿಯ ಪಕ್ಕದಲ್ಲಿ ಕೂತಳು. ದೇವರಾಜು ನಾಟಕ ಹಾಕಿದ.

ಒಂದು ನಿಮಿಷ ಏನೂ ಇರಲಿಲ್ಲ. ಆಮೇಲೆ ಸ್ಪೀಕರಿನಿಂದ ಹುಡುಗಿಯ ದನಿ ಬಂತು.

“ಆಯ್ತಮ್ಮ. ನಿಂದು?”

“ನಂದೂ ಆಯ್ತು ಕಣವ್ವ,” ಎಂದಳು ಪುಟ್ಟತಾಯಮ್ಮ, ಸ್ಪೀಕರಿನ ಕಡೆ ನೋಡುತ್ತ. ಯಾರೂ ನಗಲಿಲ್ಲ. ಮಾನ್ಯ ತಲೆ ತಗ್ಗಿಸಿ ಕೂತಿದ್ದಳು, ಎದ್ದು ಮೂಗು ಒರೆಸಿಕೊಂಡು ಬಂದು ಮತ್ತೆ ಅಲ್ಲೇ ಕೂತಳು.

ದೇವರಾಜುವಿನ ಫೋನು ಸದ್ದು ಮಾಡಿತು. ಗುಂಪಿನಲ್ಲಿ ವೆಂಕಟರಾಮಯ್ಯನವರು ಕೇಳಿದ್ದರು: ‘ದೇವರಾಜು, ಎರಡನೇ ಭಾಗಕ್ಕೆ ಎಷ್ಟು ಕಡ್ಡಿ?’ ಅವನು ತಲೆಯೆತ್ತಿ ನೋಡಿದ. ಹನ್ನೊಂದು ಹೆಂಗಸರ ಕೈಗಳೂ ಮಡಿಲಲ್ಲಿದ್ದವು.

‘ಸೊನ್ನೆ,’ ಎಂದು ಬರೆದ. ‘ಎಲ್ಲಾರೂ ತಗೊಳ್ಳಿ.’