ಸ್ಟೂಲಿನ ವಾರಸುದಾರ

ಗೋಕಾಕದ ಒಂದು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದ ಪರಪ್ಪ, ಸಾಹೇಬರ ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತಲ್ಲೇ ಸತ್ತ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರಿಂದ ಬೀಳಲಿಲ್ಲ. ಒಳಗೆ ಸಾಹೇಬರು ಮೇಜಿನ ಮೇಲಿನ ಗಂಟೆ ಬಾರಿಸಿದರು, ಮತ್ತೆ ಬಾರಿಸಿದರು, ಕೊನೆಗೆ ತಾವೇ ಎದ್ದು ಹೊರಗೆ ಬಂದರು.

"ಏನಯ್ಯಾ, ಕಿವಿ ಕೇಳಿಸಲ್ವಾ? ನಿದ್ದೆ ಮಾಡೋಕೆ ಸಂಬಳ ಕೊಡ್ತಾರಾ ನಿನಗೆ?"

ಪರಪ್ಪ ಉತ್ತರ ಕೊಡಲಿಲ್ಲ. ಅವನು ಎಂದೂ ಎದುರು ಮಾತಾಡಿದವನಲ್ಲವಾದ್ದರಿಂದ ಸಾಹೇಬರು ಇನ್ನೂ ಸ್ವಲ್ಪ ಹೊತ್ತು ಬೈದರು. ಹೆಡ್‌ಕ್ಲಾರ್ಕ್ ಬಂದು ಭುಜ ಮುಟ್ಟಿ ನೋಡಿದ ಮೇಲೆಯೇ ಬೈಗುಳ ನಿಂತದ್ದು.

ಸಾಹೇಬರು ತುಮಕೂರಿನ ಕಡೆಯವರು. ರಾಜ್ಯ ಒಂದಾದ ಮೇಲೆ ವರ್ಗವಾಗಿ ಬಂದು ಇಲ್ಲಿನ ಜೋಳದ ರೊಟ್ಟಿಯನ್ನೂ ಇಲ್ಲಿನ ಮಾತನ್ನೂ ಅರಗಿಸಿಕೊಳ್ಳಲು ಹೆಣಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಹೆಣವನ್ನು ಬೈದೆನೆಂಬುದು ಅವರ ಊಟಕ್ಕೆ ಅಡ್ಡ ಬಂತು. ಕೆಲಸದಲ್ಲಿದ್ದಾಗಲೇ ಸತ್ತವನ ಮನೆಯಲ್ಲಿ ಬೇರೆ ದುಡಿಯುವವರಿಲ್ಲದಿದ್ದರೆ, ಅವನನ್ನೇ ನೆಚ್ಚಿದ್ದವರಲ್ಲಿ ಒಬ್ಬರಿಗೆ ನೌಕರಿ ಕೊಡಬಹುದೆಂದು ಮೇಲಿನಿಂದ ಒಂದು ಆದೇಶ ಬಂದಿತ್ತು. ಅದು ನೆನಪಾದಾಗ ಸಾಹೇಬರಿಗೆ ಹಸಿವು ಮರಳಿತು. "ಪರಪ್ಪನ ಮನೆಗೆ ಒಂದು ಕೆಲಸ ಕೊಡೋಣ, ಬಂದು ಕಾಣೋಕೆ ಹೇಳಿ" ಎಂದು ಹೆಡ್‌ಕ್ಲಾರ್ಕನಿಗೆ ಹೇಳಿದರು.

ಪರಪ್ಪನ ಮನೆಯೆಂದರೆ ಕಚೇರಿಯ ಹಿತ್ತಲಿನಲ್ಲಿದ್ದ ಒಂದು ಖೋಲಿ. ಅದರಲ್ಲಿ ಈಗ ಉಳಿದವಳು ಹೆಂಡತಿ ಶಿವವ್ವ ಒಬ್ಬಳೇ. ಮಕ್ಕಳಾಗಿರಲಿಲ್ಲ. ಹೊಲ ಇರಲಿಲ್ಲ. ಬಾಗಿಲ ಮುಂದೆ ಅವಳೇ ನೆಟ್ಟ ನುಗ್ಗೆಗಿಡವೊಂದು ಮಾಡಿಗಿಂತ ಎತ್ತರ ಬೆಳೆದಿತ್ತು. ಖೋಲಿ ಜವಾನನದು. ನೌಕರಿ ಬೇರೆಯವರಿಗೆ ಹೋದರೆ ಖೋಲಿಯೂ ಹೋಗುತ್ತದೆ. ಆಮೇಲೆ ಮೇಲವಂಕಿಯಲ್ಲಿ ಭಾವ ಸೋಮಪ್ಪನ ಮನೆಯ ಹಿಂದಿನ ಪಡಸಾಲೆ, ನೆಗೆಣ್ಣಿಯಾದ ಅವನ ಹೆಂಡತಿಯ ಕೈಯ ರೊಟ್ಟಿ. ಶಿವವ್ವ ಗಂಡನಿಗಾಗಿ ಅತ್ತಷ್ಟೇ ಈ ಪಡಸಾಲೆಗಾಗಿಯೂ ಅತ್ತಳು. ನೋಡಿದವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಹೆಡ್‌ಕ್ಲಾರ್ಕ್ ಸುದ್ದಿ ತಂದಾಗ ಖೋಲಿಯ ತುಂಬ ಮಣ್ಣು ಕೊಡಲು ಬಂದ ಬೀಗರಿದ್ದರು. ಸೋಮಪ್ಪ ಗೋಡೆ ಬಿಟ್ಟು ಮುಂದಕ್ಕೆ ಸರಿದ.

"ನೌಕರಿ ಯಾರಿಗೆ ಕೊಡ್ತಾರಂತ್ರಿ?"

"ಪರಪ್ಪನ ಮನಿಯವರಿಗೆ."

"ಮನ್ಯಾಗ ಗಂಡಸ ಇಲ್ಲಲ್ರಿ."

"ಅದನ್ನ ನೀವ ನೋಡಕೋರಿ" ಎಂದು ಹೆಡ್‌ಕ್ಲಾರ್ಕ್ ಚಹಾ ಮುಗಿಸಿ ಹೋದ.

ಮೂಲೆಯಲ್ಲಿ ಗಂಗಾಳ ತೊಳೆಯುತ್ತಿದ್ದ ಶಿವವ್ವ, ತಲೆ ಎತ್ತದೆ, "ನಾನ ಮಾಡಿದ್ರ?" ಎಂದಳು.

ಎಲ್ಲರೂ ನಕ್ಕರು. ಸಾವಿನ ಮನೆಯಲ್ಲಿ ಅದೇ ಮೊದಲ ನಗು.

"ಸಾಹೇಬ ಗಂಟಿ ಹೊಡದ್ರ ಸೆರಗ ಹೊಚ್ಚಕೊಂಡು ಓಡತೀಯೇನ ತಂಗಿ?" ಎಂದ ಸೋಮಪ್ಪ. "ಸ್ಟೂಲ್ ಮ್ಯಾಲ ಕುಂತ್ರ ಕಾಲ ನೆಲಕ್ಕ ಹತ್ತತಾವೇನ ನಿನ್ನೂ?"

ಶಿವವ್ವನೂ ನಕ್ಕಳು. ತಾನು ಅಂದದ್ದು ಅವಳಿಗೂ ಹುಚ್ಚು ಮಾತಾಗಿಯೇ ಕೇಳಿಸಿತು.

ನೌಕರಿಗೆ ಗಂಡಸು ಬೇಕು, ಗಂಡಸು ಇಲ್ಲ, ಆದ್ದರಿಂದ ಒಬ್ಬನನ್ನು ಮಾಡಿಕೊಳ್ಳಬೇಕು. ಸೋಮಪ್ಪನಿಗೆ ಮೂವರು ಗಂಡುಮಕ್ಕಳು. ಬಹಳ ಹಿಂದೆ, ನಡುವಿನವನು ಮುರಿಗೆಪ್ಪ ಅಂಬೆಗಾಲಿಡುತ್ತಿದ್ದಾಗ, ಪರಪ್ಪ ಮತ್ತು ಶಿವವ್ವ ಮೇಲವಂಕಿಗೆ ಹೋಗಿ ಅವನನ್ನು ದತ್ತಕ ಕೇಳಿದ್ದರು. "ಏನೈತಿ ನಿನ್ನ ಕಡೆ, ನನ್ನ ಮಗಗ ಕೊಡಾಕ? ಒಂದ ಸ್ಟೂಲ" ಎಂದು ಸೋಮಪ್ಪ ತಮ್ಮನಿಗೆ ಹೇಳಿ ಕಳಿಸಿದ್ದ. ಈಗ ಅದೇ ಸ್ಟೂಲಿಗಾಗಿ ಅದೇ ಮಗನನ್ನು ತಾನಾಗಿಯೇ ಕೊಡಲು ಬಂದ. ಮಗನಿಗೆ ಮಾತ್ರ ಈಗ ಇಪ್ಪತ್ತನಾಲ್ಕು ವಯಸ್ಸು, ಗರಡಿಯಲ್ಲಿ ಬೆಳೆಸಿದ ಮೈ, ಹುರಿಗೊಳಿಸಿದ ಮೀಸೆ. ಮೂಡಲಗಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸುದ್ದಿ ಕೇಳಿದ ದಿನವೇ ಬಟ್ಟೆ ಅಳೆಯುವ ಗಜಕಟ್ಟಿಗೆಯನ್ನು ಮಾಲಕನ ಮುಂದೆ ಇಟ್ಟು, ಆ ಅಂಗಡಿಯಲ್ಲೇ ಖಾಕಿ ಬಟ್ಟೆ ಹರಿಸಿಕೊಂಡು, ಅಂಗಿ ಚಡ್ಡಿ ಹೊಲಿಯಲು ಹಾಕಿ ಬಂದ.

ದತ್ತಕ ಮಠದಲ್ಲಿ ಆಯಿತು. ಅಯ್ಯನವರೂ ಪಂಚರೂ ನೋಡುತ್ತಿದ್ದಂತೆ ಮಗ ತಾಯಿಯ ತೊಡೆಯ ಮೇಲೆ ಕೂಡಬೇಕು. ಶಿವವ್ವ ಕಾಲು ಮಡಚಿ ಕೂತಳು. ಮುರಿಗೆಪ್ಪ ನಾಚಿಕೊಂಡು, ಭಾರವೆಲ್ಲ ನೆಲಕ್ಕೆ ಊರಿದ ಕೈಗಳ ಮೇಲೆ ಹೊತ್ತು, ಕೂತಂತೆ ಮಾಡಿದ.

"ನೆಟ್ಟಗ ಕುಂದರಪಾ" ಎಂದರು ಅಯ್ಯನವರು. "ಹಿಂಗ ಕುಂತ್ರ ನಡಿಯೂದಿಲ್ಲ."

ಅವನು ನೆಟ್ಟಗೆ ಕೂತ. ಶಿವವ್ವ ಕಣ್ಣು ಮುಚ್ಚಿದಳು. ಸಕ್ಕರೆ ಹಂಚುತ್ತಿದ್ದ ನೆರೆಮನೆಯ ಅಕ್ಕವ್ವ ಬಗ್ಗಿ ಅವಳ ಕಿವಿಯಲ್ಲಿ, "ಹಡಿಯೂದು ಇದಕಿಂತ ಸಸಾರ ಐತಿ ಬಿಡ ನಮ್ಮವ್ವಾ" ಎಂದಳು. ಪತ್ರ ಬರೆದು ರಜಿಸ್ಟರ್ ಮಾಡಿಸಿದರು. ಮೇಲವಂಕಿಯಲ್ಲಿ ಮುರಿಗೆಪ್ಪನ ಅಣ್ಣ ತಮ್ಮ, ಯಾರೂ ಹೇಳದಿದ್ದರೂ, ಹೊಲದಲ್ಲಿ ಎರಡು ಪಾಲಿನ ಬದು ಎಲ್ಲಿ ಬರುತ್ತದೆಂದು ಹೆಜ್ಜೆ ಹಾಕಿ ನೋಡಿದರು.

ಸೋಮವಾರ ಮುರಿಗೆಪ್ಪ ಖಾಕಿ ತೊಟ್ಟು ಕಚೇರಿಗೆ ಬಂದ. ಸೋಮಪ್ಪ ಹಳದಿ ರುಮಾಲು ಸುತ್ತಿದ್ದ. ಶಿವವ್ವ ಇಬ್ಬರ ಹಿಂದೆ ಬಾಗಿಲ ಮರೆಗೆ ನಿಂತಳು, ಸ್ಟೂಲಿನ ಪಕ್ಕದಲ್ಲಿ.

"ಇವರು ಯಾರು?" ಎಂದರು ಸಾಹೇಬರು.

"ಪರಪ್ಪನ ಮಗರಿ" ಎಂದ ಸೋಮಪ್ಪ.

"ಪರಪ್ಪನಿಗೆ ಮಕ್ಕಳಿರಲಿಲ್ವಲ್ಲ."

"ಆಗ ಇರಲಿಲ್ರಿ. ಮೊನ್ನೆ ಆದ."

ಸಾಹೇಬರು ಪತ್ರ ಓದಿದರು. ಮುರಿಗೆಪ್ಪನ ಮೀಸೆ ನೋಡಿದರು. "ಇದೇನ್ರೀ ತಮಾಷೆ? ದತ್ತು ಅಂದ್ರೆ ಮಗು. ಇಷ್ಟು ವಯಸ್ಸಿನವರನ್ನ ದತ್ತು ತಗೊಳ್ಳೋದುಂಟಾ? ಇದು ಊರ್ಜಿತವಾಗಲ್ಲ."

ಇಲ್ಲಿ ಹೆಡ್‌ಕ್ಲಾರ್ಕನಿಗೆ ತಡೆಯಲಾಗಲಿಲ್ಲ. ಸಾಹೇಬರು ಬಂದಾಗಿನಿಂದ ಅವನ ಟಿಪ್ಪಣಿಗಳಲ್ಲಿ ಪಗಾರ ಹೋಗಿ ಸಂಬಳವಾಗಿತ್ತು, ರಜಾ ಅರ್ಜಿಯ ಒಕ್ಕಣೆ ಕೂಡ ಮೈಸೂರಿನದಾಗಿತ್ತು. ಎಲ್ಲವನ್ನೂ ಅವನು ನುಂಗಿಕೊಂಡಿದ್ದ.

"ಸಾಹೇಬರ, ಅದು ನಿಮ್ಮ ಕಡೆ. ನಮ್ಮ ಕಡೆ ಮುಂಬೈ ಸರಕಾರ ಇದ್ದಾಗಿಂದ ವಯಸ್ಸಿನ ಮಿತಿ ಇಲ್ರಿ. ಮಕ್ಕಳ ತಂದೀನೂ ದತ್ತಕ ಹೋಗತಾನ. ರೂಢಿ ಇದ್ರ ಹೊಸ ಕಾಯದೇನೂ ಒಪ್ಪತೈತಿ."

ಅವನು ಕಪಾಟಿನಿಂದ ಕಾಯದೆಯ ಪುಸ್ತಕ ತಂದು ಕಲಮು ತೋರಿಸಿದ. ಹಳೆಯ ತೀರ್ಪುಗಳನ್ನು ಬಾಯಲ್ಲೇ ಹೇಳಿದ. ಸೋಮಪ್ಪ ಪ್ರತಿ ಮಾತಿಗೂ ತಲೆಯಾಡಿಸಿದ. ಸಾಹೇಬರು ಬಹಳ ಹೊತ್ತು ಓದಿ, ಕನ್ನಡಕ ತೆಗೆದರು.

"ಸರಿ. ಒಪ್ಪಿದೆ. ಇವನು ಈಕೆಯ ಮಗನೇ."

ಹೆಡ್‌ಕ್ಲಾರ್ಕ್ ಗೆದ್ದ. ಸೋಮಪ್ಪ ಮಗನ ಬೆನ್ನು ತಟ್ಟಿದ. ಸಾಹೇಬರು ಮಾತ್ರ ಮೇಲಿನಿಂದ ಬಂದ ನೌಕರಿಯ ಆದೇಶವನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು.

"ಪರಪ್ಪ ಸತ್ತ ದಿನ ಇವನು ಯಾರ ಮಗ?"

"ನನ್ನ ಮಗರಿ" ಎಂದ ಸೋಮಪ್ಪ.

"ಎಲ್ಲಿದ್ದ?"

"ಮೂಡಲಗ್ಯಾಗ, ಅಂಗಡ್ಯಾಗ ದುಡೀತಿದ್ದ."

"ಅಂದ ಮೇಲೆ ಸತ್ತವನನ್ನ ನೆಚ್ಚಿಕೊಂಡವನಲ್ಲ. ಇವನಿಗೆ ಕೊಡೋಕೆ ಬರಲ್ಲ."

ಸೋಮಪ್ಪ ಬಾಗಿಲ ಕಡೆ ತಿರುಗಿದ. ಶಿವವ್ವ ಅಂದಾಗ ನಕ್ಕಿದ್ದ ಮಾತು ಈಗ ಅವನಿಗೆ ಉಪಯೋಗಕ್ಕೆ ಬಂತು. "ಹಂಗಾದ್ರ ಅಕೀಗೇ ಕೊಡ್ರಿ."

"ಈಕೆಗೆ ಕೊಡೋಕೇ ಅಲ್ವೇನ್ರೀ ನಾನು ಹೇಳಿ ಕಳಿಸಿದ್ದು?" ಸಾಹೇಬರ ದನಿಯಲ್ಲಿ ನಿಜವಾದ ನೋವಿತ್ತು. "ನೀರು ತುಂಬೋದು, ಫೈಲು ಎತ್ತಿಡೋದು, ಇಷ್ಟೇ ಕೆಲಸ. ಸಾಕೋರು ಯಾರೂ ಇಲ್ಲ ಅಂತ ಮೇಲಕ್ಕೆ ಬರೆಯೋಣ ಅಂತಿದ್ದೆ. ಈಗ ಏನಂತ ಬರೀಲಿ? ಇಂಥಾ ದುಡಿಯೋ ವಯಸ್ಸಿನ ಮಗ ಎದುರಿಗೆ ನಿಂತಿದಾನೆ."

ಶಿವವ್ವ ಗೋಡೆಗೆ ಕೈ ಕೊಟ್ಟಳು. ಬೀಳುವಷ್ಟು ಜಾಗ ಅಲ್ಲಿರಲಿಲ್ಲ. ಸ್ಟೂಲಿನ ಮೇಲೆ ಕೂತಳು. ಕಾಲು ನೆಲಕ್ಕೆ ಹತ್ತಿದವು.

"ದತ್ತಕ ರದ್ದ ಮಾಡ್ರಿ" ಎಂದ ಸೋಮಪ್ಪ. "ನನ್ನ ಮಗನ್ನ ನಾ ಹೊಳ್ಳಿ ಒಯ್ಯತೇನಿ."

ಎಲ್ಲರೂ ಹೆಡ್‌ಕ್ಲಾರ್ಕನ ಮುಖ ನೋಡಿದರು. ಅವನು ತಾನು ತೆರೆದಿಟ್ಟ ಪುಸ್ತಕದ ಮುಂದಿನ ಪುಟವನ್ನೇ ನೋಡುತ್ತಿದ್ದ.

"ಊರ್ಜಿತ ಆದ ದತ್ತಕ ಯಾರಿಗೂ ರದ್ದ ಮಾಡಾಕ ಬರೂದಿಲ್ರಿ" ಎಂದ ಸಣ್ಣ ದನಿಯಲ್ಲಿ.

ಮುರಿಗೆಪ್ಪ ಎರಡು ದಿನ ಮೇಲವಂಕಿಯಲ್ಲಿದ್ದು ನೋಡಿದ. ಹೆತ್ತ ತಾಯಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಬಂದು ಹೋಗುವ ಬೀಗರಿಗೆ ಹಾಸುವ ಕಂಬಳಿ ಹಾಸಿದಳು. ಅಣ್ಣ, "ಯಾವಾಗ ಬಂದಿ, ಯಾವಾಗ ಹೊಂಟಿ" ಎಂದು ಕೇಳಿದ. ಮೂಡಲಗಿಯಲ್ಲಿ ಗಜಕಟ್ಟಿಗೆ ಬೇರೆಯವನ ಕೈಯಲ್ಲಿತ್ತು. ಅವನು ಗೋಕಾಕಕ್ಕೆ ತಿರುಗಿ ಬಂದಾಗ ಶಿವವ್ವ ಖೋಲಿಯಿಂದ ಪಾತ್ರೆ ಹೊರಗಿಡುತ್ತಿದ್ದಳು. ಜವಾನನ ಜಾಗಕ್ಕೆ ಹುಕ್ಕೇರಿಯವನೊಬ್ಬ ಬಂದಿದ್ದ. ಅವನ ಹೆಂಡತಿ ಆಗಲೇ ನುಗ್ಗೆಕಾಯಿ ಹರಿಯುತ್ತಿದ್ದಳು.

"ಚಿಗವ್ವಾ, ಎಲ್ಲಿಗೆ ಹೋಗೂದು?"

"ನನ್ನ ಕೇಳತಿ? ನನ್ನ ಜೋಪಾನ ಮಾಡೂ ಮಗ ನೀನಂತಲ್ಲ. ಸರಕಾರ ಹೇಳೈತಿ" ಎಂದು ಅವಳು ಕೊಡವನ್ನು ಅವನ ಹೆಗಲಿಗೆ ಏರಿಸಿದಳು.

ಕಚೇರಿಯ ಎದುರಿಗೆ, ರಸ್ತೆಯ ಆಚೆ, ಅಕ್ಕವ್ವನ ದನದ ಕೊಟ್ಟಿಗೆಯ ಅರ್ಧ ಸಿಕ್ಕಿತು. ಶಿವವ್ವ ಅಲ್ಲಿ ಮಿರ್ಚಿ ಭಜಿ ಕರಿಯತೊಡಗಿದಳು. ಮುರಿಗೆಪ್ಪ ಹಿಟ್ಟು ಕಲಸಿದ, ಚಹಾ ಸೋಸಿದ. ಬೇರೆ ಅಂಗಿ ಇಲ್ಲದ್ದರಿಂದ ಖಾಕಿಯನ್ನೇ ತೊಟ್ಟಿರುತ್ತಿದ್ದ. ಹಿಡಕಲ್ ಊರ ಕಡೆಯಿಂದ ಅರ್ಜಿ ಹಿಡಿದು ಬಂದ ಜನ ಅವನನ್ನು ಕಚೇರಿಯವನೆಂದು ತಿಳಿದು ಸಾಹೇಬರು ಇದ್ದಾರೋ ಇಲ್ಲವೋ ಎಂದು ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ಸಾಹೇಬರು, ಮನಸ್ಸಿಗೆ ಕಸಿವಿಸಿಯಾಗುತ್ತಿದ್ದರಿಂದ, ಬಂದವರಿಗೆಲ್ಲ ಅಲ್ಲಿಂದಲೇ ಚಹಾ ತರಿಸುತ್ತಿದ್ದರು. ಹುಕ್ಕೇರಿಯ ಜವಾನ ಸ್ಟೂಲಿನ ಮೇಲೆ ಕೂತು, ಕೂತಲ್ಲಿಂದಲೇ ರಸ್ತೆಯ ಆಚೆಗೆ ಕೈ ಬೀಸುತ್ತಿದ್ದ.

ಒಂದು ಮಧ್ಯಾಹ್ನ ಸ್ಟೂಲು ಖಾಲಿ ಇತ್ತು. ಜವಾನ ಎಲ್ಲಿಗೋ ಹೋಗಿದ್ದ. ಒಳಗೆ ಸಾಹೇಬರು ಗಂಟೆ ಬಾರಿಸಿದರು. ಮತ್ತೆ ಬಾರಿಸಿದರು. ಮುರಿಗೆಪ್ಪ ಹಿಟ್ಟಿನ ಕೈ ಹಾಗೆಯೇ ಹಿಡಿದು ರಸ್ತೆಯ ಆಚೆಗೆ ನೋಡಿದ. ಶಿವವ್ವ ಒಲೆಯ ಉರಿ ತಗ್ಗಿಸಿದಳು.

"ಏಳೋ ಮಗನ" ಎಂದಳು. "ನಿಮ್ಮಪ್ಪನ್ನ ಕರಿಯಾಕತ್ತಾರ."