ನೆಮ್ಮದಿ ಕೋಣೆಯ ಉಸಿರಮ್ಮ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಹೊಸ ಬಣ್ಣ ಕಂಡ ಕೋಣೆ ಒಂದೇ. ಮೊದಲು ಅಲ್ಲಿ ಸೋಪಿನ ಪುಡಿಯ ಮೂಟೆಗಳಿದ್ದವು. ಮೂಟೆಗಳನ್ನು ಹೊರಗೆ ಹಾಕಿ, ಗೋಡೆಗೆ ತಿಳಿನೀಲಿ ಬಳಿದು, ಎತ್ತರದ ಮಂಚ, ನಾಲ್ಕಾರು ಚಾಪೆ, ಎಣ್ಣೆ ಬೆಚ್ಚಗಿಡುವ ಪುಟ್ಟ ಪಾತ್ರೆ ತಂದಿಟ್ಟು, ಬಾಗಿಲ ಮೇಲೆ 'ನೆಮ್ಮದಿ ಕೋಣೆ' ಎಂದು ಬರೆಸಿದ್ದರು. ಒಳಗೆ ಕೂತವಳಿಗೆ ಕೆಲಸದ ಹೆಂಗಸರು ಇಟ್ಟ ಹೆಸರು ಉಸಿರಮ್ಮ. ಯಾರು ಬಂದು ಏನು ತೋಡಿಕೊಂಡರೂ ಅವಳ ಬಾಯಿಂದ ಮೊದಲು ಬರುತ್ತಿದ್ದುದು ಒಂದೇ ಮಾತು: "ಉಸಿರು ಬಿಡಿ. ನಿಧಾನಕ್ಕೆ. ಇನ್ನೂ ಉದ್ದ."

ಅವಳ ವಿದ್ಯೆ ಸುಳ್ಳಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಕಲ್ಲಾಗಿ ಬಂದ ಕತ್ತು ಅವಳ ಹೆಬ್ಬೆರಳಿನಡಿ ಬೆಣ್ಣೆಯಾಗುತ್ತಿತ್ತು. ಅಂಗಾಲು ತಿಕ್ಕಿದರೆ ನರಗಳ ಬಿಗಿ ಸಡಿಲುತ್ತಿತ್ತು, ಬಿಡುವ ಉಸಿರನ್ನು ಉದ್ದ ಮಾಡಿಸಿದರೆ ಓಡುವ ಎದೆ ನಡೆಯತೊಡಗುತ್ತಿತ್ತು. ವಾರಗಟ್ಟಲೆ ಕಣ್ಣಿಗೆ ನಿದ್ದೆ ಕಾಣದವರು ಆ ಮಂಚದ ಮೇಲೆ ಗೊರಕೆ ಹೊಡೆದು, ಎದ್ದು ನಾಚಿಕೊಂಡಿದ್ದುಂಟು. ವಿದ್ಯೆ ಸುಳ್ಳಾಗಿದ್ದರೆ ಯಾರ ಬೆರಳೂ ಹೋಗುತ್ತಿರಲಿಲ್ಲ.

ಕಾರ್ಖಾನೆಯ ಜೀವ ಇದ್ದದ್ದು ದೊಡ್ಡ ರೋಲರಿನಲ್ಲಿ. ಕೆಂಡದಂತೆ ಕಾದ ಉರುಳೆ. ಒದ್ದೆ ಬೆಡ್‌ಶೀಟಿನ ಮೂಲೆಗಳನ್ನು ಹಿಡಿದು ಅದರ ಬಾಯಿಗೆ ಕೊಟ್ಟರೆ ಒಳಗೆಳೆದುಕೊಂಡು, ಒಣಗಿಸಿ, ಇಸ್ತ್ರಿ ಮಾಡಿ ಆಚೆ ಉಗುಳುತ್ತಿತ್ತು. ಬಾಯಿಯ ಮುಂದೆ ಒಂದು ತಡೆಪಟ್ಟಿ. ಬೆರಳು ತಾಕಿದರೆ ಸಾಕು, ಮಿಷನ್ ನಿಲ್ಲಬೇಕು. ಹಳತಾದ ಮೇಲೆ ಅದು ಬಟ್ಟೆಯ ಮಡಿಕೆ ತಾಕಿದರೂ ನಿಲ್ಲಿಸತೊಡಗಿತು. ಮಿಷನ್ ನಿಂತರೆ ಮ್ಯಾನೇಜರಿಗೆ ಉರಿ. ಹೊಸ ಪಟ್ಟಿ ಹಾಕಿಸುವ ಬದಲು ಇದ್ದದ್ದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಸಿದ, ವೇಗವನ್ನೂ ಏರಿಸಿದ. ಅಲ್ಲಿಂದ ಹೆಂಗಸರ ಕೈ ನಡುಗತೊಡಗಿತು. ಒಬ್ಬಳು ತುಂಬಿದ ಲೋಟ ಎತ್ತಲಾರದಾದಳು. ಇನ್ನೊಬ್ಬಳು ಮನೆಯಲ್ಲಿ ಬಾಗಿಲು ಧಡ್ ಎಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದಳು. ಇದಕ್ಕೆಲ್ಲ ಮೇಲಿನವರು ಕಂಡುಹಿಡಿದ ಮದ್ದೇ ನೆಮ್ಮದಿ ಕೋಣೆ.

ಬಟ್ಟೆ ಮಡಿಸುವ ಮೇಜಿನವಳು, ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೊ ಅನ್ನಿಸಿಕೊಂಡವಳು, ಮೊದಲ ದಿನವೇ ಮಂಚದ ಮೇಲೆ ಬೋರಲು ಮಲಗಿ ನಕ್ಕಿದ್ದಳು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಮ್ಮ ಸಾಹೇಬ್ರು ವಾಸಿ ಕಣ್ರೇ, ಮಿಷನ್ನಿಗೆ ಜ್ವರ ಬಂದ್ರೆ ನಮಗೆ ಎಣ್ಣೆ ಹಚ್ಚಿಸ್ತಾರೆ!"

ಉಸಿರಮ್ಮನೂ ನಕ್ಕಿದ್ದಳು. ನಕ್ಕು ಎಣ್ಣೆ ಹಚ್ಚಿದ್ದಳು.

ರೋಲರಿನ ಬಾಯಿಗೆ ಬಟ್ಟೆ ಕೊಡುತ್ತಿದ್ದವಳು ಅವಳ ಸ್ವಂತ ಅತ್ತಿಗೆ. ತಾಯಿಯಿಲ್ಲದ ನಾದಿನಿಯ ತಲೆಯ ಹೇನು ಹೆಕ್ಕಿ, ಜಡೆ ಹೆಣೆದು, ಮಾಲೀಶು ಕಲಿಯಲು ಕಳಿಸಿದವಳು; ಈ ಕೋಣೆಗೆ ಜನ ಬೇಕಂತೆ ಎಂದು ಸುದ್ದಿ ತಂದವಳೂ ಅವಳೇ. ಒಂದು ಮಧ್ಯಾಹ್ನ ಅವಳು ಬಂದು ಮಂಚದ ಮೇಲೆ ಮುಖ ಹುದುಗಿಸಿ ಮಲಗಿದಳು. ಭುಜ ಹಲಗೆಯಂತಿತ್ತು.

"ಬಟ್ಟೆ ಸುರುಳಿ ಸುತ್ತಿಕೊಂಡ್ರೆ ರೋಲರ್ ಒಂದು ಥರ ಗುಡುಗುತ್ತೆ ನೋಡು, ಆ ಸದ್ದು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಕೈ ತಾನಾಗೇ ಬಿಟ್ಟುಬಿಡುತ್ತೆ. ಶೀಟೆಲ್ಲ ನೆಲಕ್ಕೆ. ಆ ಮೇಸ್ತ್ರಿ ಎಲ್ಲರೆದುರು ಬೈತಾನೆ ಕಣೇ, ಕೂಸಿನ ಹಾಗೆ ಬೆಚ್ಚಿ ಬೀಳ್ತೀಯ ಅಂತ."

"ಅವನ ಬಾಯಿಗೆ ಸೋಪು ಹಾಕ!"

"ಅವನ ಮಾತು ಬಿಡು. ಪಟ್ಟಿ ಕಟ್ಟಿ ಹಾಕಿದಾರಲ್ಲ, ಅದಕ್ಕೇ ನನಗೆ ಹೆದರಿಕೆ. ನೀನು ಸಾಹೇಬ್ರ ಹತ್ರ ದಿನಾ ಮಾತಾಡ್ತೀಯಲ್ಲ, ಒಂದ್ಸಲ ಹೇಳಿ ನೋಡೇ."

ಉಸಿರಮ್ಮನ ಹೆಬ್ಬೆರಳು ಒಂದು ಗಳಿಗೆ ತಡೆಯಿತು. ಕೋಣೆಗೆ ಇನ್ನೊಂದು ಮಂಚ ಬೇಕೆಂದು ಅವಳು ಆಗಷ್ಟೇ ಮ್ಯಾನೇಜರನ್ನು ಕೇಳಿಬಂದಿದ್ದಳು. ಅವನು ಹೊಗಳಿಯೂ ಕಳಿಸಿದ್ದ. "ಈಗ ಅದನ್ನೆಲ್ಲ ತಲೆಯಿಂದ ತೆಗೀರಿ ಅತ್ತಿಗೆ," ಎಂದಳು. "ಸದ್ದು ಕೇಳಿದಾಗ ಬೆಚ್ಚಬೇಡಿ. ಅದು ಬರೀ ಸದ್ದು. ಹೊಟ್ಟೆಯಿಂದ ಉಸಿರು ಬಿಡಿ, ಕೈ ತಾನಾಗೇ ನಿಲ್ಲುತ್ತೆ." ರೋಲರಿನ ಗುಡುಗನ್ನು ತಾನೇ ಬಾಯಲ್ಲಿ ಅನುಕರಿಸಿ, ಅತ್ತಿಗೆ ಬೆಚ್ಚದಿರುವ ತನಕ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದಳು. ಕೊನೆಗೆ ಇಬ್ಬರೂ ನಗುತ್ತಿದ್ದರು.

ಅತ್ತಿಗೆ ಚೆನ್ನಾಗಿ ಕಲಿತಳು. ಶೀಟು ಬೀಳುವುದು ನಿಂತಿತು. ಮೇಸ್ತ್ರಿ ಕೂಡ ತಲೆದೂಗಿದ. ಆಮೇಲೊಂದು ಬೆಳಿಗ್ಗೆ ರೋಲರ್ ಗುಡುಗಿತು. ಪಕ್ಕದವಳು ಚೀರಿ ಹಿಂದೆ ಹಾರಿದಳು. ಅತ್ತಿಗೆ ಕೈ ಬಿಡಲಿಲ್ಲ. ಸುರುಳಿಗಟ್ಟಿದ ಬಟ್ಟೆ ಅವಳ ಬಲಗೈಯನ್ನು ಎಳೆದುಕೊಂಡಿತು. ಮೂರು ಬೆರಳು ಹೋದವು, ಉಳಿದ ಅಂಗೈ ಬೆಂದಿತು.

ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ನೋಡಲು ಉಸಿರಮ್ಮ ಹೋದಳು. ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿತ್ತು. ಅಣ್ಣ ಗೋಡೆ ನೋಡುತ್ತಾ ಕೂತಿದ್ದ.

"ಅಳಬೇಡ ಕಣೇ," ಎಂದಳು ಅತ್ತಿಗೆ. "ನೀನು ಕಲಿಸಿದ್ದೇ ನನ್ನ ಕಾಪಾಡಿದ್ದು. ಡ್ರೆಸ್ಸಿಂಗ್ ಮಾಡುವಾಗ ಪ್ರಾಣ ಹೋಗುತ್ತೆ, ಆಗ ಉದ್ದಕ್ಕೆ ಉಸಿರು ಬಿಡ್ತೀನಿ. ಅವತ್ತೂ ಬಿಟ್ಟೆ. ಸದ್ದು ಕೇಳಿಸ್ತು, ಎದೆ ಧಸಕ್ ಅಂತು, ಸಾವಕಾಶ ಉಸಿರು ಬಿಟ್ಟೆ. ಆದ್ರೂ ಹೇಗಾಯ್ತೋ ಏನೋ, ನನ್ನ ಗ್ರಹಚಾರ."

ಹೊಗಳಿಕೆಯೂ ಹೀಗೆ ಕೊಯ್ಯುತ್ತದೆಂದು ಉಸಿರಮ್ಮನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಆ ಹೆಂಗಸರ ಬೆರಳುಗಳನ್ನು ಉಳಿಸಿದ್ದು ಮೇಸ್ತ್ರಿಯಲ್ಲ, ಮ್ಯಾನೇಜರಲ್ಲ, ಆ ಬೆಚ್ಚುವಿಕೆ. ಕಟ್ಟಿಹಾಕಿದ ತಡೆಪಟ್ಟಿಯ ಕೆಲಸವನ್ನು ಅವರ ನರಗಳು ಹೊತ್ತುಕೊಂಡಿದ್ದವು. ಮ್ಯಾನೇಜರ್ ಕಬ್ಬಿಣದ್ದನ್ನು ಕಟ್ಟಿಸಿದ್ದ. ಇವಳು ಮೈಯೊಳಗಿನದನ್ನು ಕಟ್ಟಿದ್ದಳು, ಅದೂ ಬೆಚ್ಚಗಿನ ಎಣ್ಣೆ ಹಚ್ಚಿ, ಪ್ರೀತಿಯಿಂದ. ಬಾಯಿವರೆಗೆ ಬಂದ ಮಾತನ್ನು ನುಂಗಿ, ಅತ್ತಿಗೆಯ ತಲೆ ಸವರಿ ಎದ್ದು ಬಂದಳು.

ಕಾರ್ಖಾನೆಯಲ್ಲಿ ರೋಲರಿನ ಮುಂದೆ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಮ್ಯಾನೇಜರ್ ನೆಮ್ಮದಿ ಕೋಣೆಗೇ ಬಂದ.

"ಪಾಪ, ಎಲ್ಲರೂ ಗಾಬರಿಯಾಗಿದಾರಮ್ಮ. ಇವತ್ತೇ ಎಲ್ಲರನ್ನೂ ಕೂರಿಸಿ ನಿಮ್ಮ ಉಸಿರಾಟ ಮಾಡಿಸಿಬಿಡಿ. ಊಟದ ಹೊತ್ತು ಮುಗಿಯುವಷ್ಟರಲ್ಲಿ ಮಿಷನ್ ಶುರುವಾಗ್ಬೇಕು."

"ಪಟ್ಟಿ ಸರಿ ಮಾಡಿಸ್ತೀರಾ ಸರ್?"

"ಅದು ಬರುತ್ತೆ, ಬರುತ್ತೆ. ಮೊದಲು ಮನಸ್ಸು ಸರಿ ಹೋಗ್ಲಿ. ನಿಮ್ಮ ಎರಡನೇ ಮಂಚದ ವಿಷಯಾನೂ ನೋಡ್ತೀನಿ."

ಹೆಂಗಸರು ಬಂದರು. ಕೆಲವರು ಚಾಪೆಯ ಮೇಲೆ, ಕೆಲವರು ಗೋಡೆಗೊರಗಿ ಕೂತರು. ರೇಡಿಯೊ ಅಭ್ಯಾಸಬಲದಿಂದ ಬೆನ್ನು ತಿರುಗಿಸಿದಳು. ಉಸಿರಮ್ಮ ಅವಳ ಕತ್ತಿನ ಮೇಲೆ ಕೈಯಿಟ್ಟಳು. ಕತ್ತು ಹಗ್ಗದಂತೆ ಬಿಗಿದಿತ್ತು, ಚರ್ಮದಡಿ ನಾಡಿ ಹಾರುತ್ತಿತ್ತು. ಒಂದೆರಡು ಗಳಿಗೆ ತಿಕ್ಕಿದರೆ ಸಡಿಲುತ್ತದೆ, ಅದು ಅವಳಿಗೆ ಗೊತ್ತು. ಸಡಿಲಿದ ಮೇಲೆ ಈ ಕತ್ತು ಎದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತು. ಕೈ ತೆಗೆದಳು.

"ಯಾಕೆ, ಎಣ್ಣೆ ಮುಗೀತಾ?" ಎಂದಳು ರೇಡಿಯೊ.

"ಇವತ್ತು ಉಸಿರಾಟ ಇಲ್ಲ," ಎಂದಳು ಉಸಿರಮ್ಮ. "ನಿಮಗೆ ಹೆದರಿಕೆ ಆಗ್ತಿರೋದು ಸರಿಯಾಗೇ ಇದೆ. ಅತ್ತಿಗೆಗೂ ಆಗ್ತಿತ್ತು. ಸದ್ದಾದ್ರೆ ಕೈ ಬಿಡ್ತಿದ್ರು. ಬಿಡಬೇಡಿ ಅಂತ ಕಲಿಸಿದ್ದು ನಾನು. ಪಟ್ಟಿ ಬಗ್ಗೆ ಸಾಹೇಬ್ರಿಗೆ ಹೇಳು ಅಂದ್ರು, ಹೇಳಲಿಲ್ಲ."

ರೇಡಿಯೊ ತಿರುಗಿ ನೋಡಿದಳು.

"ಪಟ್ಟಿ ಕಟ್ಟಿದ್ದು ನಿಂಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ನೀನು ಮಾಡಿದ್ದನ್ನ ನಿನ್ನ ಅತ್ತಿಗೆಗೆ ಹೇಳಿದೀಯ?"

"ಇಲ್ಲ."

"ಹೋಗಿ ಅಲ್ಲಿ ಹೇಳು ಮೊದಲು. ನಮ್ಮ ಮುಂದೆ ಅಳೋದು ಸುಲಭ."

ಅವರು ಒಬ್ಬೊಬ್ಬರಾಗಿ ಎದ್ದು ಹೊರಟರು. ರೋಲರಿನ ಮುಂದಿನ ನೆಲದ ಮೇಲೆ, ಪಟ್ಟಿಗೆ ಕಟ್ಟಿದ ತಂತಿ ಬಿಚ್ಚುವ ತನಕ ಏಳುವುದಿಲ್ಲವೆಂದು ಸಾಲಾಗಿ ಕೂತರು. ಮ್ಯಾನೇಜರ್ ಓಡಿ ಬಂದು ಬಾಗಿಲಲ್ಲಿ ನಿಂತ. "ಏನಮ್ಮ, ಸಮಾಧಾನ ಆಗ್ಲಿಲ್ವಾ ಅವರಿಗೆ?"

"ಆಗಬಾರದು ಸರ್," ಎಂದು ಉಸಿರಮ್ಮ ಅವನನ್ನು ದಾಟಿ ನಡೆದಳು. ಇಷ್ಟು ಹೇಳಿದ್ದಕ್ಕೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಮನೆಯಲ್ಲಿ ಅತ್ತಿಗೆ ಎಚ್ಚರವಾಗಿದ್ದಳು. "ಬಂದ್ಯಾ? ಕಾಲು ಸ್ವಲ್ಪ ಒತ್ತೇ, ಸೆಳೀತಿದೆ," ಎಂದು ಪಾದಗಳನ್ನು ನಾದಿನಿಯ ಮಡಿಲಿಗೆ ಚಾಚಿದಳು. ಉಸಿರಮ್ಮ ಒತ್ತುತ್ತಲೇ ಹೇಳಿದಳು. ಸಾಹೇಬರ ಹೊಗಳಿಕೆ, ಮಂಚದ ಆಸೆ, ಹೇಳದೆ ಬಿಟ್ಟ ಮಾತು, ಬೆಚ್ಚದಿರಲು ಕಲಿಸಿದ್ದು, ಯಾವುದನ್ನೂ ಬಿಡಲಿಲ್ಲ. "ಗ್ರಹಚಾರ ಅಲ್ಲ ಅತ್ತಿಗೆ. ನಾನು."

ಅತ್ತಿಗೆ ಒಂದೊಂದಾಗಿ ಪಾದಗಳನ್ನು ಎಳೆದುಕೊಂಡು ಹೊದಿಕೆಯೊಳಗೆ ಸೇರಿಸಿದಳು.

"ಮಿಷನ್ ನಿಂತಿದೆಯಾ?"

"ನಿಂತಿದೆ. ಎಲ್ಲರೂ ಅದರ ಮುಂದೆ ಕೂತಿದಾರೆ."

"ಪಟ್ಟಿ ಬಿಚ್ಚಿದ್ರಾ?"

"ಇನ್ನೂ ಇಲ್ಲ."

ಅತ್ತಿಗೆ ಮುಖವನ್ನು ಆಚೆ ತಿರುಗಿಸಿದಳು. "ಹಾಗಾದ್ರೆ ನೀನು ಇಲ್ಲೇನು ಮಾಡ್ತಿದೀಯ?"