ಗೆರೆ ಬಿದ್ದ ಸೀರೆ

ದೊಡ್ಡಬಳ್ಳಾಪುರದ ಆ ಮನೆಯಲ್ಲಿ ನಾಲ್ಕು ಪವರ್‌ಲೂಮ್‌ಗಳು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದುದರಿಂದ ಮನೆಮಂದಿಗೆಲ್ಲ ಕೂಗಿ ಮಾತಾಡುವುದೇ ಅಭ್ಯಾಸ. ಅನಿತಳಿಗೆ ಮಾತ್ರ ಕೂಗಲು ಬರದು. ಬಿ.ಕಾಂ. ಮುಗಿಸಿದ್ದರೂ ಅಣ್ಣ ರವಿಶಂಕರನ ಎದುರು ದನಿಯೇ ಏಳುತ್ತಿರಲಿಲ್ಲ.

ಅಣ್ಣನ ಮಗಳು ತನುವಿಗೆ ಮೂರು ವರ್ಷ. ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಐದು ತಿಂಗಳ ಹಿಂದೆ ಆಪರೇಷನ್ ಮಾಡಿ, ಕಿವಿಯ ಹಿಂದೆ ಚರ್ಮದಡಿ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಿದ್ದರು. ಹೊರಗಿನಿಂದ ಕೋಟಿನ ಗುಂಡಿಯಷ್ಟಗಲದ ಬಿಲ್ಲೆಯೊಂದು ಅಯಸ್ಕಾಂತದ ಬಲದಿಂದ ತಲೆಗೆ ಕಚ್ಚಿಕೊಂಡರೆ ಸದ್ದು ಒಳಕ್ಕೆ ಹೋಗುತ್ತದೆ. ಮಗು ಆಗಲೇ ಕುಕ್ಕರ್ ಕೂಗಿದರೆ ಕುಣಿಯುತ್ತಿತ್ತು. ಅನಿತಳನ್ನು "ತ್ತೇ" ಎಂದು ಕರೆಯುತ್ತಿತ್ತು.

ಆದರೆ ಬಿಲ್ಲೆ ಕಳಚಿ ಮಗ್ಗದೊಳಕ್ಕೆ ಬಿದ್ದರೆ ಗತಿಯೇನು? ರವಿ ಸೀರೆಯಂಚಿನ ರೇಷ್ಮೆ ಪಟ್ಟಿ ಕತ್ತರಿಸಿ, ಬಿಲ್ಲೆಯ ಮೇಲೆ ತಲೆಗೆ ಸುತ್ತಿ, ಎಳೆದಷ್ಟೂ ಬಿಗಿಯುವ ನೇಕಾರನ ಗಂಟು ಹಾಕಿಬಿಟ್ಟ.

"ಇನ್ನು ಭೂಕಂಪ ಆದ್ರೂ ಬೀಳಲ್ಲ ನೋಡು," ಎಂದು ಹೆಂಡತಿ ಬನಶಂಕರಿಯ ಮುಂದೆ ಬೀಗಿದ.

ಹತ್ತನೆಯ ದಿನ ಮಗುವಿನ ತಲೆ ಬಾಚಲು ಅನಿತ ಪಟ್ಟಿ ಬಿಚ್ಚಿದಳು. ಬಿಲ್ಲೆಯಡಿಯ ಚರ್ಮ ದಾಳಿಂಬೆ ಕಾಳಿನಂತೆ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ತನು ಅವಳ ಕೈ ತಳ್ಳಿ ಅತ್ತಳು. ಚರ್ಮ ಒಡೆದರೆ ಒಳಗಿನ ಯಂತ್ರವನ್ನೇ ತೆಗೆಯಬೇಕಾಗಬಹುದು ಎಂದು ಡಾಕ್ಟರ್ ಹಿಂದೆಯೇ ಹೇಳಿದ್ದರು. ಅನಿತ ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಳು.

"ಅಣ್ಣಾ..."

ಮಗ್ಗದ ಸದ್ದಿನಲ್ಲಿ ಆ ಮಾತು ಅವಳಿಗೇ ಕೇಳಿಸಲಿಲ್ಲ. ಮತ್ತೆ ಕರೆದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಗೋಡೆಯ ಮೇನ್ ಸ್ವಿಚ್ ಆರಿಸಿಯೇಬಿಟ್ಟಳು.

ನೇಯ್ಗೆಯ ನಡುವೆ ಮಗ್ಗ ಹಾಗೆ ನಿಂತರೆ ಸೀರೆಗೆ ಅಡ್ಡ ಗೆರೆ ಬೀಳುತ್ತದೆ.

"ಯಾವಳೇ ಅದು? ಸೀರೆ ಹಾಳ್ಮಾಡ್ಬಿಟ್ಯಲ್ಲೇ!"

"ನಾನೇ. ಮೊದ್ಲು ಮಗು ತಲೆ ನೋಡು ಬಾ."

ರವಿ ಬಂದು ನೋಡಿದ. ನಿಂತ ಕಾಲಲ್ಲೇ ಎಲ್ಲರೂ ಬೆಂಗಳೂರಿನ ಬಸ್ಸು ಹತ್ತಿದರು.

"ಏನಪ್ಪಾ, ಮಗೂನ ಮೂಟೆ ಕಟ್ದಂಗೆ ಕಟ್ಟಿದ್ದೀಯಲ್ಲ!" ಎಂದರು ಡಾಕ್ಟರ್. "ಅಯಸ್ಕಾಂತಾನೇ ಸ್ವಲ್ಪ ಜೋರಿತ್ತು, ಮೇಲೆ ನಿನ್ನ ಗಂಟು ಬೇರೆ. ಪುಣ್ಯಕ್ಕೆ ಚರ್ಮ ಒಡೆದಿಲ್ಲ. ಔಷಧಿ ಕೊಡ್ತೀನಿ. ಎರಡು ವಾರ ಬಿಲ್ಲೆ ಹಾಕ್ಬೇಡಿ, ದಿನಾ ಫೋಟೋ ಕಳಿಸಿ. ಇದನ್ನ ಮೊದ್ಲು ನೋಡಿದ್ಯಾರು?"

ಅನಿತ ಅತ್ತಿಗೆಯ ಬೆನ್ನ ಹಿಂದೆ ಸರಿದಳು.

ಆ ಎರಡು ವಾರ ಕುಕ್ಕರ್ ಕೂಗಿದರೂ ತನು ಕುಣಿಯಲಿಲ್ಲ. ಬಿಲ್ಲೆಯ ಡಬ್ಬಿ ತಂದು, ತಲೆ ತೋರಿಸಿ, ತುಟಿ ಉಬ್ಬಿಸುತ್ತಿದ್ದಳು. ಅನಿತ ದಿನಾ ತೆಗೆದು ಕಳಿಸಿದ ಫೋಟೋಗಳಲ್ಲಿ ಮಾತ್ರ ಕೆಂಪು ತಿಳಿಯಾಗಿ, ಕೊನೆಗೆ ಚರ್ಮದ ಬಣ್ಣಕ್ಕೇ ಮರಳಿತು.

ಹದಿನೈದನೆಯ ದಿನ ಡಾಕ್ಟರ್ ಹಗುರವಾದ ಅಯಸ್ಕಾಂತ ಹಾಕಿಸಿ, ಬಿಲ್ಲೆ ಬೀಳದಂತೆ ದಾರವೊಂದನ್ನು ಫ್ರಾಕಿಗೆ ಕ್ಲಿಪ್ ಮಾಡಿಸಿಕೊಟ್ಟರು. ಮನೆಗೆ ಬಂದದ್ದೇ ತನು ಮೂಲೆಯಲ್ಲಿ ಕೂತು ನೂಲು ಸುತ್ತುವ ಖಾಲಿ ಲಾಳಿ ಉರುಳಿಸತೊಡಗಿದಳು. ಆಳುಗಳು ನೇಯುತ್ತಿದ್ದರು. ರವಿ ಹೋಗಿ ಮೇನ್ ಸ್ವಿಚ್ಚಿಗೇ ಕೈಯಿಟ್ಟ.

"ರೀ, ಗೆರೆ ಬೀಳುತ್ತೆ!" ಎಂದಳು ಬನಶಂಕರಿ.

"ಬೀಳ್ಲಿ ಬಿಡೇ. ಅನಿತಾ, ನೀನು ಕರಿ."

ಮಗ್ಗಗಳೆಲ್ಲ ತೆಪ್ಪಗಾದವು. ಅನಿತ ತನ್ನ ಎಂದಿನ ಸಣ್ಣ ದನಿಯಲ್ಲೇ ಕರೆದಳು, "ತನೂ..."

ಲಾಳಿ ಉರುಳಿಸುತ್ತಿದ್ದ ಕೈ ನಿಂತಿತು. ಮಗು ಸರಕ್ಕನೆ ತಿರುಗಿ, ಹಲ್ಲೆಲ್ಲ ಕಾಣುವಂತೆ ನಕ್ಕು, "ತ್ತೇ!" ಎಂದು ಕಿರುಚಿತು.

"ಗಂಟ್ಲು ಮಾತ್ರ ಅಪ್ಪಂದೇ!" ಎಂದು ಬನಶಂಕರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಮರುದಿನ ರವಿ, ಅನಿತ ಮಗ್ಗ ನಿಲ್ಲಿಸಿದಾಗ ಗೆರೆ ಬಿದ್ದ ಸೀರೆಯೊಂದನ್ನು ತಂಗಿಯ ಮಡಿಲಿಗೆ ಎಸೆದ. "ಹಾಳ್ಮಾಡಿದ್ದು ನೀನೇ, ನೀನೇ ಉಟ್ಕೋ."

"ಹಂಗಾದ್ರೆ ನಿನ್ನೆ ನೀನು ಹಾಳ್ಮಾಡಿದ್ದನ್ನ ನೀನುಟ್ಕೋತೀಯಾ?"

ನಾಲ್ಕೂ ಮಗ್ಗ ಓಡುತ್ತಿದ್ದವು. ಆದರೂ ಅವಳ ಮಾತು ಎಲ್ಲರಿಗೂ ಕೇಳಿಸಿತು.